ಸಿಂಹಗಡದಿಂದ ಸಿಂಹಗಿರಿಗೆ: ಹೆಗಲಚೀಲದ ಮೊದಲ ಪ್ರವಾಸ

ಹೋದ ವರ್ಷ ಗಣೇಶ ಚೌತಿ ಮುಗಿದ ವಾರ, ಕೊತ್ರೂಡಿನ ನಮ್ಮ ಮೇಲಿನ ಮನೆಯ ಹುಡುಗಿ ಒಂದು ಹಾಳೆ ಹಿಡಿದುಕೊಂಡು ಬಂದಳು. ಧಾರವಾಡದವಳು, ಹಿಂಜವಡಿಯಲ್ಲಿ ಕೆಲಸ. "ಕಾಕಾ, ದೀಪಾವಳಿ ರಜಾಕ್ಕ ಶ್ರೀಲಂಕಾಕ್ಕ ಹೊಂಟೇನ್ರಿ, ಒಬ್ಬಾಕೀನ. ಒಂಬತ್ತು ದಿನದಾಗ ಇಷ್ಟೆಲ್ಲಾ ಆಗತೈತಲ್ರಿ?" ಹಾಳೆಯ ಮೇಲೆ ಹದಿನೇಳು ಊರುಗಳಿದ್ದವು. ಉತ್ತರದ ತುದಿಯ ಜಾಫ್ನಾದಿಂದ ದಕ್ಷಿಣದ ಗಾಲ್‌ವರೆಗೆ, ಮೊಬೈಲಿನಲ್ಲಿ ಕಂಡದ್ದೆಲ್ಲ. "ಹೋಗೋಕಾಗುತ್ತೆ, ನೋಡೋಕಾಗಲ್ಲ" ಎಂದು ಪೆನ್ಸಿಲ್ ತೆಗೆದುಕೊಂಡು ಹನ್ನೆರಡನ್ನು ಹೊಡೆದು ಹಾಕಿದೆ. ಮುಖ ಸಣ್ಣದು ಮಾಡಿಕೊಂಡಳು. ಆಮೇಲೆ ಎರಡು ಕಪ್ ಚಹಾ ಆಗುವಷ್ಟು ಹೊತ್ತು ಕೂತು ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಹಿಗ್ಗಿಸಿ ಬರೆಯುತ್ತಿದ್ದೇನೆ. ಪುಣೆಯಲ್ಲಿ ಕೂತು ಮೊದಲ ಬಾರಿ ಹೆಗಲಿಗೆ ಚೀಲ ಹಾಕಿಕೊಂಡು ಆ ದ್ವೀಪ ಸುತ್ತಬೇಕೆನ್ನುವವರಿಗೆ ಇದು. ಪ್ಯಾಕೇಜ್ ಟೂರಿನಲ್ಲಿ ಹೋಗುವವರಿಗೆ ಇದರಿಂದ ಹೆಚ್ಚೇನೂ ಉಪಯೋಗವಿಲ್ಲ.

ಹಂತ 1: ಮೊದಲು ಮಳೆ ನೋಡಿ, ಆಮೇಲೆ ನಕ್ಷೆ

ಶ್ರೀಲಂಕಾದ ವಿಸ್ತೀರ್ಣ 65,610 ಚದರ ಕಿಲೋಮೀಟರ್, ಕರ್ನಾಟಕದ ಮೂರನೇ ಒಂದು ಭಾಗ. ಇಷ್ಟು ಸಣ್ಣ ನಾಡಿಗೆ ಎರಡು ಮಳೆಗಾಲ. ನಡುವೆ ಬೆಟ್ಟ ಇರುವುದರಿಂದ ಒಂದು ಬದಿ ನೆನೆಯುವಾಗ ಇನ್ನೊಂದು ಬದಿ ಒಣಗಿರುತ್ತದೆ. ತಾಮ್ಹಿಣಿ ಘಾಟಿನಲ್ಲಿ ಮಳೆ ಸುರಿಯುವಾಗ ಬಾರಾಮತಿಯಲ್ಲಿ ಧೂಳೇಳುವುದನ್ನು ಕಂಡಿರುವ ಪುಣೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೇಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ. ಕೊಲಂಬೊ, ಗಾಲ್, ಪಶ್ಚಿಮದ ಬೆಟ್ಟಸಾಲು ತೋಯುತ್ತವೆ. ಆಗ ಪೂರ್ವ ಕರಾವಳಿಯ ತ್ರಿಂಕೋಮಲಿ, ಅರುಗಂ ಬೇ ಕಡೆ ಬಿಸಿಲು. ಡಿಸೆಂಬರಿನಿಂದ ಫೆಬ್ರವರಿವರೆಗೆ ಈಶಾನ್ಯ ಮಾರುತ. ಆಗ ಪೂರ್ವಕ್ಕೆ ಮಳೆ, ದಕ್ಷಿಣ ಮತ್ತು ಪಶ್ಚಿಮ ತೀರಕ್ಕೆ ಒಳ್ಳೆಯ ಕಾಲ. ಇವೆರಡರ ನಡುವೆ, ಅಕ್ಟೋಬರ್–ನವೆಂಬರಿನಲ್ಲಿ, ಎಲ್ಲಿ ಬೇಕಾದರೂ ಸುರಿಯಬಹುದು. ನಮ್ಮ ದೀಪಾವಳಿ ರಜೆ ಬರುವುದು ಸರಿಯಾಗಿ ಆಗಲೇ. ಹುಡುಗಿಯ ಪ್ರಯಾಣವನ್ನು ಜನವರಿ ಕೊನೆಗೆ ತಳ್ಳಿಸಿದೆ. ರಜೆಯನ್ನೂ ಹನ್ನೆರಡು ದಿನಕ್ಕೆ ಏರಿಸಿಕೊಂಡಳು. ಬೇಸಿಗೆ ರಜೆಗೆ ಹೋಗುವವರು ಏಪ್ರಿಲ್ 13–14ರ ಆಸುಪಾಸು ತಪ್ಪಿಸಿ. ಅದು ಸಿಂಹಳ–ತಮಿಳು ಹೊಸವರ್ಷ. ಅಂಗಡಿ ಮುಚ್ಚಿರುತ್ತವೆ, ಬಸ್ಸುಗಳಲ್ಲಿ ಊರಿಗೆ ಹೋಗುವವರ ನೂಕುನುಗ್ಗಲು.

ಹಂತ 2: ಏಳು ಕಿಲೋ, ಅದಕ್ಕಿಂತ ಗ್ರಾಂ ಹೆಚ್ಚಿಲ್ಲ

ಚೀಲ 40 ಲೀಟರಿನದು ಸಾಕು. ಸೊಂಟದ ಪಟ್ಟಿ ಇರಲೇಬೇಕು, ಅದಿಲ್ಲದ ಚೀಲದ ಭಾರವೆಲ್ಲ ಕುತ್ತಿಗೆಗೆ ಬರುತ್ತದೆ. ಬಹಳಷ್ಟು ವಿಮಾನ ಕಂಪನಿಗಳು ಕೈಯಲ್ಲಿ ಒಯ್ಯಲು ಬಿಡುವುದು ಏಳು ಕಿಲೋ. ಅದನ್ನೇ ನಿಮ್ಮ ಗೆರೆ ಮಾಡಿಕೊಳ್ಳಿ.

ಮೂರು ಅಂಗಿ, ಎರಡು ಪ್ಯಾಂಟು. ಜೀನ್ಸ್ ಬೇಡ, ಆ ತೇವದ ಗಾಳಿಯಲ್ಲಿ ಎರಡು ದಿನವಾದರೂ ಒಣಗುವುದಿಲ್ಲ. ಒಂದು ತೆಳು ಸ್ವೆಟರ್, ಬೆಟ್ಟದ ಊರುಗಳಲ್ಲಿ ರಾತ್ರಿ ಬೇಕಾಗುತ್ತದೆ. ಮಳೆ ಅಂಗಿ, ಟಾರ್ಚು, ಒಂದು ಗಟ್ಟಿ ಚಪ್ಪಲಿ, ಕಾಲಲ್ಲಿ ಬೂಟು. ಮತ್ತೆ ಹೆಂಗಸರು ಗಂಡಸರು ಯಾರೇ ಆಗಲಿ, ಒಂದು ಹತ್ತಿ ಪಂಚೆ. ಮೈ ಒರೆಸಲು, ಹಾಸ್ಟೆಲಿನ ಮಂಚಕ್ಕೆ ಹಾಸಲು, ವಿಹಾರದೊಳಗೆ ಹೋಗುವಾಗ ಮೊಣಕಾಲೋ ಭುಜವೋ ಮುಚ್ಚಿಕೊಳ್ಳಲು, ಎಲ್ಲಕ್ಕೂ ಅದೊಂದೇ. ಶೇಂಗಾ ಚಟ್ನಿಪುಡಿಯ ಪೊಟ್ಟಣ ಹಾಕಿಕೊಂಡರೆ ನಾನು ಬೇಡ ಎನ್ನುವುದಿಲ್ಲ.

ಪ್ಲಗ್ಗಿನ ವಿಷಯ: ನಮ್ಮ ದುಂಡು ಕಡ್ಡಿಯ ಪ್ಲಗ್ ಹಳೆಯ ಮನೆಗಳಲ್ಲಿ ಕೂರುತ್ತದೆ, ಹೊಸ ಕಟ್ಟಡಗಳಲ್ಲಿ ಚಪ್ಪಟೆ ಮೂರು ಕಡ್ಡಿಯದು ಬೇಕು. ಗಡಿಯಾರ ಮಾತ್ರ ಮುಟ್ಟಬೇಡಿ. ನಮಗೂ ಅವರಿಗೂ ಒಂದೇ ಸಮಯ.

ಹಂತ 3: ಭಾನುವಾರ ಸಿಂಹಗಡದಲ್ಲಿ ಪರೀಕ್ಷೆ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಚೀಲವನ್ನು ಪ್ರಯಾಣಕ್ಕೆ ಹೇಗೆ ತುಂಬುತ್ತೀರೋ ಹಾಗೇ ತುಂಬಿ, ಸ್ವಾರ್‌ಗೇಟ್‌ನಿಂದ ಬೆಳಗಿನ ಪಿಎಂಪಿ ಬಸ್ ಹಿಡಿದು ಸಿಂಹಗಡದ ಬುಡಕ್ಕೆ ಹೋಗಿ. ಮೇಲಿನವರೆಗೆ ರಸ್ತೆಯಿದೆ, ಜೀಪೂ ಇದೆ. ಅತ್ತ ತಿರುಗಿಯೂ ನೋಡದೆ ಅತ್ಕರವಾಡಿಯ ಕಾಲುದಾರಿ ಹಿಡಿಯಿರಿ. ತಾನಾಜಿ ಮಾಲುಸರೆ 1670ರಲ್ಲಿ ರಾತ್ರಿ ಹತ್ತಿದ ಬೆಟ್ಟ ಇದು. ನಿಮಗೆ ಹಗಲಲ್ಲಿ ಒಂದೂವರೆ ಗಂಟೆ ಸಾಕು.

ಹುಡುಗಿಯ ಜೊತೆ ನಾನೂ ಹೋಗಿದ್ದೆ. ಅವಳ ಚೀಲ ಹನ್ನೊಂದು ಕಿಲೋ ಇತ್ತು, ಬೇಡವೆಂದರೂ ಕೇಳಿರಲಿಲ್ಲ. ಮೊದಲ ಏರಿನಲ್ಲೇ ಪಟ್ಟಿಗಳನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಬಾಗಿದಳು. ವಾರಕ್ಕೊಮ್ಮೆ ಈ ಬೆಟ್ಟ ಹತ್ತದಿದ್ದರೆ ನಿದ್ದೆ ಬಾರದ ಪುಣೇಕರರಿದ್ದಾರಲ್ಲ, ಅಂಥ ಎಪ್ಪತ್ತರ ಆಜೋಬಾ ಒಬ್ಬರು ಬರಿಗೈಯಲ್ಲಿ ನಮ್ಮನ್ನು ದಾಟಿ ಹೋಗುತ್ತಾ ನಿಂತು, "ಕಾಯ್ ಗಂ ಬಾಳ್, ಘರ್ ಸೋಡೂನ್ ಚಾಲಲೀಸ್ ಕಾ?" ಎಂದರು. ಏನಮ್ಮಾ, ಮನೆ ಬಿಟ್ಟು ಹೊರಟೆಯಾ ಎಂದು. ಪುಣೆಯ ಕೊಂಕು ಅದು, ಆದರೆ ಚೀಲದ ಬಗ್ಗೆ ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುತ್ತಿರಲಿಲ್ಲ.

ಮೇಲೆ ಹೋಗಿ ಜುಣಕ–ಭಾಕ್ರಿ ತಿಂದು, ಮಣ್ಣಿನ ಕುಡಿಕೆಯ ಮೊಸರು ತಿಂದ ಮೇಲೆ ಚೀಲ ಬಿಚ್ಚಿಸಿದೆ. ಹತ್ತುವಾಗ ಯಾವುದನ್ನು ನೆನೆಸಿಕೊಂಡು ಬೈದುಕೊಂಡೆಯೋ ಅದನ್ನು ಪಕ್ಕಕ್ಕೆ ಇಡು ಎಂದೆ. ಎರಡು ಜೀನ್ಸ್, ಕೂದಲು ಒಣಗಿಸುವ ಯಂತ್ರ, ದಪ್ಪ ಟವೆಲ್ಲು, ಓದಿ ಮುಗಿಸಲಾರದ ಒಂದು ಕಾದಂಬರಿ. ಮನೆಗೆ ಬಂದು ತೂಗಿದಾಗ ಆರೂಮುಕ್ಕಾಲು. ಇಳಿಯುವಾಗ ಕಾಲ ಹೆಬ್ಬೆರಳು ಬೂಟಿಗೆ ಬಡಿಯುತ್ತಿದ್ದರೆ ಬೂಟು ಒಂದು ನಂಬರ್ ಚಿಕ್ಕದಾಯಿತೆಂದು ತಿಳಿಯಿರಿ. ಅದೂ ಅಲ್ಲೇ ಗೊತ್ತಾಗುವುದು.

ಹಂತ 4: ಕಾಗದ, ದುಡ್ಡು

ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಆಯಸ್ಸಿರಲಿ. ಇಟಿಎ ಎಂಬ ಪ್ರವೇಶಾನುಮತಿಯನ್ನು ಶ್ರೀಲಂಕಾ ಸರ್ಕಾರದ ಜಾಲತಾಣದಲ್ಲೇ ತೆಗೆದುಕೊಳ್ಳಿ. ಅದೇ ಚಹರೆಯ ಖಾಸಗಿ ತಾಣಗಳು ದುಪ್ಪಟ್ಟು ಕೀಳುತ್ತವೆ. ಭಾರತೀಯರಿಗೆ ಶುಲ್ಕದ ನಿಯಮ ಆಗಾಗ ಬದಲಾಗುವುದರಿಂದ ಟಿಕೆಟ್ ಕೊಳ್ಳುವ ದಿನವೇ ನೋಡಿಬಿಡಿ.

ಪುಣೆಯವರು ಮುಂಬೈಗೆ ಹೋಗಿ ವಿಮಾನ ಹತ್ತುವುದು ಸುಲಭ. ಅಲ್ಲಿಂದ ಕೊಲಂಬೊ ಸುಮಾರು ಎರಡೂವರೆ ಗಂಟೆ. ಎಕ್ಸ್‌ಪ್ರೆಸ್‌ವೇ ಘಾಟಿನಲ್ಲಿ ಲಾರಿಯೊಂದು ಅಡ್ಡ ನಿಂತರೆ ಅದಕ್ಕಿಂತ ಹೆಚ್ಚು ಹೊತ್ತು ಲೋಣಾವಳದಲ್ಲೇ ಕಳೆಯುತ್ತೀರಿ. ಧಾರಾಳವಾಗಿ ಸಮಯ ಇಟ್ಟುಕೊಳ್ಳಿ.

ನಮ್ಮ ಒಂದು ರೂಪಾಯಿಗೆ ಅಲ್ಲಿನ ಮೂರು, ಮೂರೂವರೆ ರೂಪಾಯಿ ಬರುತ್ತದೆ. 2024ರ ಫೆಬ್ರವರಿಯಿಂದ ನಮ್ಮ ಯುಪಿಐ ಅಲ್ಲೂ ಶುರುವಾಗಿದೆ, ಆದರೆ ಅದನ್ನು ನಂಬಿ ಬಸ್ ಹತ್ತಬೇಡಿ. ಕಂಡಕ್ಟರಿಗೂ ಎಳನೀರಿನವನಿಗೂ ನೋಟೇ ಬೇಕು. ಹಾಸ್ಟೆಲಿನ ಮಂಚಕ್ಕೆ ಎರಡು–ಮೂರು ಸಾವಿರ ಲಂಕಾ ರೂಪಾಯಿ, ಮನೆಯವರೇ ನಡೆಸುವ ಗೆಸ್ಟ್‌ಹೌಸಿನ ಕೋಣೆಗೆ ನಾಲ್ಕರಿಂದ ಏಳು ಸಾವಿರ ಎಂದು ಲೆಕ್ಕ ಹಾಕಿ.

ಹಂತ 5: ಐದು ಊರು, ಹನ್ನೆರಡು ದಿನ

ಡಿಸೆಂಬರಿನಿಂದ ಮಾರ್ಚ್‌ವರೆಗೆ ಹೋಗುವವರಿಗೆ ನಾನು ಹೇಳುವ ದಾರಿ: ನೆಗೊಂಬೊ, ದಂಬುಳ್ಳ, ಕ್ಯಾಂಡಿ, ಎಲ್ಲ, ಗಾಲ್. ("ಎಲ್ಲ" ಎನ್ನುವುದೇ ಊರಿನ ಹೆಸರು. "ಎಲ್ಲ ನೋಡಿದೆ" ಎಂದು ಮನೆಗೆ ಮೆಸೇಜ್ ಕಳಿಸಿ ಗೊಂದಲ ಮಾಡಬೇಡಿ.)

ವಿಮಾನ ಇಳಿಯುವುದು ಕಟುನಾಯಕದಲ್ಲಿ. ಅಲ್ಲಿಂದ ಕೊಲಂಬೊ ದೂರ, ನೆಗೊಂಬೊ ಹತ್ತಿರ. ಮೊದಲ ರಾತ್ರಿ ನೆಗೊಂಬೊದಲ್ಲಿ ಮಲಗಿ. ಮರುದಿನ ಕುರುಣೆಗಲದಲ್ಲಿ ಬಸ್ ಬದಲಿಸಿ ದಂಬುಳ್ಳಕ್ಕೆ ಹೋಗಿ ಎರಡು ರಾತ್ರಿ ಇರಿ. ಊರಲ್ಲೇ ಐದು ಗುಹೆಗಳ ಬೌದ್ಧ ದೇಗುಲವಿದೆ, ಛಾವಣಿಯ ಬಂಡೆಯ ಉಬ್ಬುತಗ್ಗಿನ ಮೇಲೆಯೇ ಬಟ್ಟೆ ಹಾಸಿದಂತೆ ಚಿತ್ರ ಬರೆದಿದ್ದಾರೆ. ಬಾದಾಮಿ ನೋಡಿದವರು ಇಲ್ಲಿ ಬೇಗ ಹೊರಡಲಾರರು.

ದಂಬುಳ್ಳದಿಂದ ಲೋಕಲ್ ಬಸ್ಸಿನಲ್ಲಿ ಸಿಗಿರಿಯ. ಸಿಂಹಗಿರಿ ಎಂಬುದೇ ಸವೆದು ಸಿಗಿರಿಯ ಆಗಿರುವುದು. ನೀವು ಅಭ್ಯಾಸ ಮಾಡಿ ಬಂದ ಬೆಟ್ಟಕ್ಕೂ ಇದಕ್ಕೂ ಹೆಸರಿನಲ್ಲೇ ನಂಟು. ಐದನೇ ಶತಮಾನದ ಕಾಶ್ಯಪ ಎಂಬ ರಾಜ ಅಪ್ಪನನ್ನು ಕೊಂದು, ತಮ್ಮನಿಗೆ ಹೆದರಿ ಈ ಬಂಡೆಯ ನೆತ್ತಿಯ ಮೇಲೆ ಅರಮನೆ ಕಟ್ಟಿಕೊಂಡ. ಸುತ್ತಲ ಬಯಲಿನಿಂದ ಸುಮಾರು 180 ಮೀಟರ್ ಎತ್ತರ. ಅರ್ಧ ಹತ್ತಿದಾಗ ಇಟ್ಟಿಗೆಯ ಎರಡು ದೊಡ್ಡ ಪಂಜ, ಉಗುರು ಸಮೇತ. ಮೆಟ್ಟಿಲು ಅವುಗಳ ನಡುವಿನಿಂದ ಹೋಗುತ್ತದೆ. ಮೇಲಿನ ಸಿಂಹ ಎಂದೋ ಬಿದ್ದುಹೋಗಿದೆ. ಕಣಜದ ಹುಟ್ಟುಗಳಿವೆ, ಸದ್ದು ಮಾಡಬೇಡಿ ಎಂಬ ಫಲಕವನ್ನು ತಮಾಷೆ ಎಂದುಕೊಳ್ಳಬೇಡಿ. ಪಾಸ್‌ಪೋರ್ಟ್ ತೋರಿಸಿ ಸಾರ್ಕ್ ದೇಶದವರ ರಿಯಾಯಿತಿ ಕೇಳಿ, ಕೇಳದಿದ್ದರೆ ತಾವಾಗಿ ಕೊಡುವುದಿಲ್ಲ.

ರಿಯಾಯಿತಿ ಕಳೆದೂ ಟಿಕೆಟ್ ಭಾರವೆನಿಸಿದರೆ ಎದುರಿನ ಪಿದುರಂಗಲ ಬಂಡೆ ಹತ್ತಿ. ಅಲ್ಲಿನ ಟಿಕೆಟ್ ಇದರ ಮುಂದೆ ಏನೂ ಅಲ್ಲ. ಕೊನೆಯ ಹತ್ತು ನಿಮಿಷ ಬಂಡೆಗಳ ಸಂದಿಯಲ್ಲಿ ಕೈ ಊರಿ ತೂರಬೇಕು. ಸಿಂಹಗಡ ಹತ್ತಿದ ಕಾಲಿಗೆ ಅದು ಲೆಕ್ಕಕ್ಕಿಲ್ಲ. ಒಂದೇ ಆಯ್ದುಕೊಳ್ಳಿ ಎಂದರೆ ನಾನು ಪಿದುರಂಗಲವನ್ನೇ ಆರಿಸಿಕೊಳ್ಳುವವನು. ಸಿಗಿರಿಯದ ಮೇಲೆ ನಿಂತವನಿಗೆ ಸಿಗಿರಿಯವೇ ಕಾಣುವುದಿಲ್ಲವಲ್ಲ!

ಕ್ಯಾಂಡಿಯಲ್ಲಿ ಎರಡು ರಾತ್ರಿ, ಎಲ್ಲದಲ್ಲಿ ಮೂರು. ಅಲ್ಲಿಂದ ವೆಲ್ಲವಾಯ ಮೇಲೆ ಬಸ್ಸಿನಲ್ಲಿ ದಕ್ಷಿಣ ತೀರಕ್ಕಿಳಿದು ಗಾಲ್ ಕೋಟೆಯ ಒಳಗೋ ಪಕ್ಕದ ಉನಾವಟುನದಲ್ಲೋ ಎರಡು ರಾತ್ರಿ. ಪೋರ್ಚುಗೀಸರು ಶುರುಮಾಡಿ ಡಚ್ಚರು ದೊಡ್ಡದು ಮಾಡಿದ ಕೋಟೆ ಅದು. ಒಳಗೆ ಈಗಲೂ ಜನ ಸಂಸಾರ ಮಾಡಿಕೊಂಡಿದ್ದಾರೆ. ಸಂಜೆ ಗೋಡೆಯ ಮೇಲೆ ಒಂದು ಸುತ್ತು ನಡೆದರೆ ಊರೆಲ್ಲ ಗಾಳಿಗೆ ಬಂದಿರುವುದು ಕಾಣುತ್ತದೆ.

ಬಿಟ್ಟದ್ದು ಯಾಕೆ? ಯಾಲ ಕಾಡಿನ ಜೀಪು ದುಬಾರಿ. ಆನೆ ನೋಡಲು ಕಬಿನಿ, ನಾಗರಹೊಳೆ ಇಟ್ಟುಕೊಂಡವರು ಅಷ್ಟು ದೂರ ಹೋಗಬೇಕೆ? ಜಾಫ್ನಾ ಬಿಟ್ಟದ್ದಕ್ಕೆ ನನಗೇ ಹೊಟ್ಟೆಕಿಚ್ಚು. ನಲ್ಲೂರು ಕಂದಸ್ವಾಮಿ ದೇವಸ್ಥಾನ, 1981ರಲ್ಲಿ ಸುಟ್ಟು ಮತ್ತೆ ಎದ್ದ ಗ್ರಂಥಾಲಯ, ಅಂತರ್ಯುದ್ಧದಲ್ಲಿ ನಿಂತು 2014ರಲ್ಲಿ ಮರಳಿದ ರೈಲು, ಇವೆಲ್ಲ ಒಂದು ಬೇರೆಯೇ ಪ್ರವಾಸದ ಸಾಮಗ್ರಿ. ಅವಸರದಲ್ಲಿ ಮುಟ್ಟಿ ಬರುವ ಊರಲ್ಲ.

ಸಿಂಹಗಡ ಹತ್ತಿ ರುಚಿ ಹಿಡಿದಿದ್ದರೆ ಒಂದು ರಾತ್ರಿ ಹೆಚ್ಚಿಗೆ ಇಟ್ಟುಕೊಂಡು, ಕ್ಯಾಂಡಿಯಿಂದ ಎಲ್ಲಕ್ಕೆ ಹೋಗುವ ರೈಲಿನಿಂದ ಹ್ಯಾಟನ್‌ನಲ್ಲಿ ಇಳಿದು ಶ್ರೀಪಾದ ಹತ್ತಿ. 2,243 ಮೀಟರ್ ಎತ್ತರ, ಸಾವಿರಾರು ಮೆಟ್ಟಿಲು. ನೆತ್ತಿಯ ಮೇಲಿನ ಪಾದದ ಗುರುತನ್ನು ಬೌದ್ಧರು ಬುದ್ಧನದೆನ್ನುತ್ತಾರೆ, ಹಿಂದೂಗಳು ಶಿವನದು, ಮುಸ್ಲಿಮರು ಆದಮನದು. ಡಿಸೆಂಬರ್ ಹುಣ್ಣಿಮೆಯಿಂದ ಮೇ ಹುಣ್ಣಿಮೆಯವರೆಗೆ ಯಾತ್ರೆ. ರಾತ್ರಿಯೆಲ್ಲ ದೀಪ, ದಾರಿಯುದ್ದಕ್ಕೂ ಚಹಾ. ಮಕ್ಕಳನ್ನು ಹೊತ್ತ ತಾಯಂದಿರು, ಕೋಲೂರುವ ಮುದುಕಿಯರು ಏರುತ್ತಿರುವಾಗ ನಿಮಗೆ ಕಾಲುನೋವು ಎನ್ನಲು ನಾಚಿಕೆಯಾಗುತ್ತದೆ.

ಹಂತ 6: ದುಮ್ರಿಯ

ಸಿಂಹಳದಲ್ಲಿ ರೈಲಿಗೆ ದುಮ್ರಿಯ ಎನ್ನುತ್ತಾರೆ. ದುಮ್ ಎಂದರೆ ಹೊಗೆ, ರಿಯ ಎಂದರೆ ಬಂಡಿ. ನಮ್ಮ ಅಜ್ಜಂದಿರ ಹೊಗೆಬಂಡಿಯೇ. ಬೋರ್ಡುಗಳ ದುಂಡು ಅಕ್ಷರ ನೋಡಿದರೆ ಇನ್ನೇನು ಓದಿಬಿಡುತ್ತೇನೆ ಅನ್ನಿಸುತ್ತದೆ, ಹತ್ತಿರ ಹೋದರೆ ಒಂದೂ ಗೊತ್ತಾಗುವುದಿಲ್ಲ. ಕನ್ನಡಿಗರಿಗೆ ಮಾತ್ರ ಆಗುವ ಫಜೀತಿ ಇದು.

ಕ್ಯಾಂಡಿಯಿಂದ ಎಲ್ಲಕ್ಕೆ ರೈಲು ಆರೇಳು ಗಂಟೆ. ಕ್ಯಾಂಡಿಗೆ ಹಳಿ ಬಂದದ್ದು 1867ರಲ್ಲಿ, ನಮ್ಮ ಬೋರ್ ಘಾಟಿನಲ್ಲಿ ರೈಲು ಹತ್ತಿದ ನಾಲ್ಕು ವರ್ಷಕ್ಕೆ. ಹಳಿಯ ಅಗಲವೂ ನಮ್ಮದೇ. ಆಗ ಆ ಬೆಟ್ಟಗಳಿಂದ ಇಳಿಯುತ್ತಿದ್ದುದು ಕಾಫಿ. 1869ರಲ್ಲಿ ಎಲೆತುಕ್ಕು ರೋಗ ಕಾಣಿಸಿಕೊಂಡು ತೋಟಗಳೇ ನಾಶವಾದ ಮೇಲೆ ಚಹಾ ಬಂತು. ಕೊಡಗು, ಚಿಕ್ಕಮಗಳೂರಿನವರು ಕಿಟಕಿಯಲ್ಲಿ ಕೂತು ಇದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಅದೇ ರೋಗ ನಮ್ಮಲ್ಲೂ ಇದೆ.

ಕಾಯ್ದಿರಿಸುವಿಕೆ ಮೂವತ್ತು ದಿನ ಮೊದಲು ತೆರೆದು ನೋಡನೋಡುತ್ತಲೇ ಮುಗಿಯುತ್ತದೆ. ಸಿಗದಿದ್ದರೆ ಮೂರನೇ ದರ್ಜೆಯ ಟಿಕೆಟ್ ಅದೇ ದಿನ ಕೊಳ್ಳಿ. ಕ್ಯಾಂಡಿಯಲ್ಲಿ ಕಾಲಿಡಲು ಜಾಗವಿಲ್ಲವೆ? ಬಸ್ಸಿನಲ್ಲಿ ನುವಾರ ಎಲಿಯಕ್ಕೆ ಹೋಗಿ, ಹತ್ತಿರದ ನಾನು ಓಯ ನಿಲ್ದಾಣದಿಂದ ಹತ್ತಿ. (ಓಯ ಎಂದರೆ ಹೊಳೆ. "ನಾನು" ಯಾರೋ ತಿಳಿಯದು.) ದಾರಿಯ ಒಳ್ಳೆಯ ಭಾಗ ಅಲ್ಲಿಂದಲೇ: 1,898 ಮೀಟರ್ ಎತ್ತರದ ಪಟ್ಟಿಪೊಲ, ಒಹಿಯ, ಹಪುತಲೆ. ಬಾಗಿಲಲ್ಲಿ ಕೂರಬಹುದು, ಸೆಲ್ಫಿಗೆಂದು ಹೊರಗೆ ನೇತಾಡಬೇಡಿ. ಸುರಂಗದ ಗೋಡೆ ಮೊಳದಂತರದಲ್ಲಿ ಬರುತ್ತದೆ. ಮಳೆಗಾಲದಲ್ಲಿ ಗುಡ್ಡ ಜರಿದು ಈ ಹಳಿ ಮುಚ್ಚುವುದುಂಟು, ಹೊರಡುವ ವಾರ ವಿಚಾರಿಸಿ.

ಎಲ್ಲದ ಒಂಬತ್ತು ಕಮಾನಿನ ಸೇತುವೆ 1921ರದು. ಸ್ಟೇಷನ್ನಿನಲ್ಲಿ ರೈಲಿನ ಸಮಯ ಕೇಳಿಕೊಂಡು ಹೋಗಿ, ಇಲ್ಲವಾದರೆ ಬರೀ ಸೇತುವೆ ನೋಡಿ ಬರುತ್ತೀರಿ.

ಗಾಲ್‌ನಿಂದ ಕೊಲಂಬೊಗೆ ಬರುವ ಹಳಿ ಸಮುದ್ರಕ್ಕೆ ಅಂಟಿಕೊಂಡೇ ಸಾಗುತ್ತದೆ. 2004ರ ಡಿಸೆಂಬರ್ 26ರಂದು ಸುನಾಮಿ ಪೆರಲಿಯದಲ್ಲಿ ರೈಲೊಂದನ್ನು ಹೊತ್ತೆಸೆದು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಸ್ಮಾರಕವಿದೆ. ಅದನ್ನು ದಾಟುವಾಗ ನನ್ನ ಪಕ್ಕದ ಹೆಂಗಸು ಬ್ಯಾಗನ್ನು ತೊಡೆಯ ಮೇಲಿಂದ ಕೆಳಗಿಟ್ಟು ಕೈ ಮುಗಿದಳು.

ಹಂತ 7: ಬಸ್ಸು ಮತ್ತು ನಾಲ್ಕು ಮಾತು

ಕೆಂಪು ಬಸ್ಸು ಸರ್ಕಾರದ್ದು, ಉಳಿದವು ಖಾಸಗಿ. ಮುಂದಿನ ಸೀಟು ಭಿಕ್ಷುಗಳಿಗೆ, ಖಾಲಿಯಿದ್ದರೂ ಕೂರಬೇಡಿ. ನೂರು ಕಿಲೋಮೀಟರಿಗೆ ಮೂರು ಗಂಟೆ ಹಿಡಿಯಿರಿ. ಇಳಿಯುವಾಗ "ಬಹಿನವಾ" ಎನ್ನಿ. ಎಷ್ಟು ಎನ್ನಲು "ಕೀಯದ", ಧನ್ಯವಾದಕ್ಕೆ "ಸ್ತೂತಿ", ಬೇಡ ಎನ್ನಲು "ಎಪಾ". ಚಹಾ ತೋಟದ ಸೀಮೆಯಲ್ಲೂ ಉತ್ತರದಲ್ಲೂ ತಮಿಳು ನಡೆಯುತ್ತದೆ. ಬೆಂಗಳೂರಲ್ಲಿ ಕಲಿತ ಮುರುಕು ತಮಿಳು ನನ್ನನ್ನು ಎಷ್ಟೋ ಸಲ ಪಾರುಮಾಡಿದೆ.

ಹಂತ 8: ಊಟ, ಅದರಲ್ಲೂ ಸಸ್ಯಾಹಾರಿಗಳಿಗೆ

ಗಾಲ್ ರೈಲಿನಲ್ಲಿ ಬುಟ್ಟಿ ಹೊತ್ತವನೊಬ್ಬ "ವಡೇ, ವಡೇ" ಎಂದು ಬಂದ. ಜೀವ ಬಂದಂತಾಗಿ ಎರಡು ಕೊಂಡೆ. ಬಾಯಿಗೆ ಒಯ್ಯುವಾಗ ನೋಡುತ್ತೇನೆ, ನಮ್ಮ ಮಸಾಲೆ ವಡೆಯ ನೆತ್ತಿಯ ಮೇಲೆ ಇಡೀ ಸಿಗಡಿ, ಮೀಸೆ ಸಮೇತ ನನ್ನನ್ನೇ ನೋಡುತ್ತಿದೆ. ಅದು ಇಸ್ಸೊ ವಡೆ. ಎದುರಿನ ಹುಡುಗನಿಗೆ ದಾಟಿಸಿದೆ, ಅವನಿಗೆ ಹಬ್ಬ.

ಇನ್ನೂ ಕಣ್ಣಿಗೆ ಕಾಣದ ಶತ್ರು ಉಂಬಲಕಡ, ಒಣಗಿಸಿದ ಮೀನಿನ ಚೂರು. ಪೊಲ್ ಸಂಬೋಲ ಎಂಬ ಕಾಯಿಚಟ್ನಿಯಲ್ಲಿ ಸಾಮಾನ್ಯವಾಗಿ ಇರುತ್ತದೆ, ಒಮ್ಮೊಮ್ಮೆ ತೊವ್ವೆಯಂಥ ಪರಿಪ್ಪುವಿನಲ್ಲೂ. "ಮಸ್ ಎಪಾ, ಮಾಳು ಎಪಾ, ಉಂಬಲಕಡ ಎಪಾ" ಎಂದು ಮೂರನ್ನೂ ಹೇಳಿ. ಇಲ್ಲವೇ ಕೊಲಂಬೊ, ಕ್ಯಾಂಡಿಯಲ್ಲಿ ಸೈವ ಹೋಟೆಲ್ ಹುಡುಕಿ. ಪುಣೆಯಲ್ಲಿ ನಾವು ಉಡುಪಿ ಹೋಟೆಲ್ ಹುಡುಕಿದ ಹಾಗೆ. ಕೂತ ಕೂಡಲೇ ಕೇಳದೆ ವಡೆ, ರೋಲ್ ತುಂಬಿದ ತಟ್ಟೆ ತಂದಿಡುತ್ತಾರೆ. ಗಾಬರಿ ಬೇಡ, ತಿಂದಷ್ಟಕ್ಕೆ ಮಾತ್ರ ಬಿಲ್ಲು. ಬೆಳಗ್ಗೆ ಆಪ್ಪ ಮತ್ತು ನಮ್ಮ ಒತ್ತುಶ್ಯಾವಿಗೆಯ ತಮ್ಮನಂಥ ಇಂದಿಆಪ್ಪ, ಬಾಯಾರಿದಾಗ ಕೇಸರಿ ಬಣ್ಣದ ತಂಬಿಲಿ ಎಳನೀರು. ಮಣ್ಣಿನ ಕುಡಿಕೆಯ ಎಮ್ಮೆ ಮೊಸರಿನ ಮೇಲೆ ಕಿತುಲ್ ಪಾಕ ಸುರಿದು ಕೊಡುತ್ತಾರೆ. ಕಿತುಲ್ ಎಂದರೆ ಮಲೆನಾಡಿನ ಬೈನೆ ಮರವೇ. ಸಿಂಹಗಡದ ಮೊಸರು ಅದರ ಮುಂದೆ ಸೋಲುತ್ತದೆ ಎಂದು ಪುಣೆಯಲ್ಲಿ ಜೋರಾಗಿ ಹೇಳಲು ಧೈರ್ಯವಿಲ್ಲ.

ಹಂತ 9: ಎಚ್ಚರ

ಬುದ್ಧನಿಗೆ ಬೆನ್ನು ಹಾಕಿ ಫೋಟೊ ತೆಗೆಸಿಕೊಳ್ಳಬೇಡಿ. ಅದು ಬರೀ ಶಿಷ್ಟಾಚಾರದ ಮಾತಲ್ಲ, ಪೊಲೀಸರವರೆಗೆ ಹೋಗಬಹುದು. ಹುಣ್ಣಿಮೆ ಎಂದರೆ ಪೋಯ, ಸರ್ಕಾರಿ ರಜೆ, ಮದ್ಯ ಮಾರುವುದಿಲ್ಲ. ಕಾಡುದಾರಿಯಲ್ಲಿ ಇಂಬಳ ಹತ್ತಿದರೆ ಕೀಳದೆ ಉಪ್ಪು ಮುಟ್ಟಿಸಿ. ಸಮುದ್ರಕ್ಕೆ ಇಳಿಯುವ ಮುನ್ನ ಊರವರು ಎಲ್ಲಿ ಈಜುತ್ತಿದ್ದಾರೆ ನೋಡಿ, ಕೆಂಪು ಬಾವುಟ ಇದ್ದರೆ ದಡದಲ್ಲೇ ಇರಿ. ಒಬ್ಬರೇ ಹೋಗುವ ಹೆಣ್ಣುಮಕ್ಕಳು ಮುಸ್ಸಂಜೆಗೆ ಮುಂಚೆ ಊರು ಸೇರುವಂತೆ ಬಸ್ ಹಿಡಿಯಲಿ. ಕೋಣೆ ಆರಿಸುವಾಗ ಸಂಸಾರವಂದಿಗರ ಗೆಸ್ಟ್‌ಹೌಸ್ ನೋಡಲಿ. ನಮ್ಮ ಹುಡುಗಿಗೆ ಎಲ್ಲದ ಮನೆಯೊಡತಿ ಮರುದಿನದ ಪ್ರಯಾಣಕ್ಕೆ ಬುತ್ತಿಯನ್ನೂ ಕಟ್ಟಿಕೊಟ್ಟಳಂತೆ.

ಹಂತ 10: ಮರಳುವಾಗ

ಕೊನೆಯ ರಾತ್ರಿ ಮತ್ತೆ ನೆಗೊಂಬೊದಲ್ಲೇ ಇರಿ, ಕೊಲಂಬೊದ ಸಂಜೆ ಟ್ರಾಫಿಕ್ಕನ್ನು ನಂಬಿ ವಿಮಾನಕ್ಕೆ ಹೊರಡಬೇಡಿ. ನಾನು ಮೊದಲ ಸಲ ಕಿತುಲ್ ಪಾಕದ ಬಾಟಲಿಯನ್ನು ಕೈಚೀಲದಲ್ಲಿಟ್ಟುಕೊಂಡು ಹೋಗಿ ತಪಾಸಣೆಯಲ್ಲಿ ಕಳೆದುಕೊಂಡೆ. ನೂರು ಮಿಲಿಲೀಟರ್ ಮೀರಿದ ದ್ರವ ಒಳಗೆ ಬಿಡುವುದಿಲ್ಲವೆಂಬುದು ನೆನಪೇ ಇರಲಿಲ್ಲ. ಅದೇ ಕಿತುಲ್‌ನ ಗಟ್ಟಿ ಬೆಲ್ಲಕ್ಕೆ ಹಕುರು ಎನ್ನುತ್ತಾರೆ, ಅದನ್ನು ತನ್ನಿ. ಹುಡುಗಿ ಒಂದು ಅಚ್ಚು ತಂದುಕೊಟ್ಟಿದ್ದಾಳೆ. ಚಹಾಕ್ಕೆ ಹಾಲು ಸಕ್ಕರೆ ಎರಡೂ ಹಾಕಬೇಡಿ. ಅಂಗೈ ಮೇಲೆ ಹಕುರಿನ ಚೂರು ಇಟ್ಟುಕೊಂಡು ಒಂದು ಕಚ್ಚು, ಒಂದು ಗುಟುಕು. ಅಲ್ಲಿನವರು ಕುಡಿಯುವುದು ಹೀಗೆ.